ಒಂದು ಬಾಟಲಿ ದೂರದ ಕೆಂಗೇರಿ

ಓನರ್ ಆಂಟಿ ಬರಿಗಾಲಲ್ಲಿ ಕಾರು ಓಡಿಸುತ್ತಿದ್ದರು. ಡ್ರೈವರ್ ಸೀಟಿನಲ್ಲಿ ಕೂತು, ಚಪ್ಪಲಿ ಕಳಚಿ ಹಿಂದಿನ ಸೀಟಿನ ಕೆಳಗೆ ತಳ್ಳಿ, ಸೀರೆಯ ನೆರಿಗೆಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು, ಆಮೇಲೆ ಬಲಗಾಲನ್ನು ಆಕ್ಸಿಲರೇಟರ್ ಮೇಲೆ ಇಡುವರು. ಇಡುವುದೆಂದರೆ ಪೂರ್ತಿ ಪಾದವನ್ನಲ್ಲ. ಹಿಮ್ಮಡಿ ನೆಲದ ಮೇಲೆ, ಹೆಬ್ಬೆರಳು ಮಾತ್ರ ಪೆಡಲಿನ ಮೇಲೆ. ಪಕ್ಕದ ಬೆರಳಿನಲ್ಲಿ ಕಾಲುಂಗುರ ತೆಗೆದ ಜಾಗ ಬೆಳ್ಳಗೆ, ಒಂದು ಸುತ್ತು, ಹಾಗೇ ಉಳಿದಿತ್ತು. ಅವರ ಯಜಮಾನರು ತೀರಿಕೊಂಡು ವರ್ಷಗಳಾಗಿದ್ದರೂ ಆ ಗುರುತಿಗೆ ಬಿಸಿಲು ತಾಗಿದಂತೆ ಕಾಣುತ್ತಿರಲಿಲ್ಲ.

ಬಸವೇಶ್ವರನಗರದ ಅವರ ಮನೆಯ ಮಹಡಿಯ ಪೋರ್ಷನ್‌ಗೆ ನಾನು ಬಾಡಿಗೆಗೆ ಬಂದದ್ದು ದಾವಣಗೆರೆಯಿಂದ. ಹತ್ತಿರದ ಕ್ಲಿನಿಕ್ಕೊಂದರ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಕೆಳಗೆ ಸಂಪಿಗೂ ತುಳಸಿ ಕಟ್ಟೆಗೂ ನಡುವೆ ಕೆನೆ ಬಣ್ಣದ ಹಳೆಯ ಪದ್ಮಿನಿ ಕಾರು ನಿಂತಿರುತ್ತಿತ್ತು. ಇಡೀ ಬೀದಿ ಸ್ಕೂಟರಿನಲ್ಲಿ ಓಡಾಡುವಾಗ ಅರವತ್ತು ದಾಟಿದ ಈ ಹೆಂಗಸು ಆ ಕಾರನ್ನು ಇಟ್ಟುಕೊಂಡಿರುವುದು ನೋಡಿ, ಭಾರಿ ಶೋಕಿಯವರಿರಬೇಕು ಅಂದುಕೊಂಡೆ. ಶೋಕಿ ಎಲ್ಲಿಂದ ಬರಬೇಕು? ತರಕಾರಿಗೆ ನಡೆದು ಹೋಗುತ್ತಿದ್ದರು, ದೇವಸ್ಥಾನಕ್ಕೂ ನಡೆದೇ. ಎಂಜಿನ್ ಬಿಸಿಯಾಗುವ ಮೊದಲೇ ಅಂಗಡಿ ಬಂದುಬಿಡುತ್ತದೆ, ತಣ್ಣಗಿನ ಎಂಜಿನ್ ಕುಡಿಯುವಷ್ಟು ಪೆಟ್ರೋಲನ್ನು ಬಿಸಿ ಎಂಜಿನ್ ಕುಡಿಯುವುದಿಲ್ಲ ಎಂಬುದು ಅವರ ವಾದ. ಕಾರಿರುವುದು ದೂರಕ್ಕೆ.

ಜಿಪುಣತನ ಎಂದು ಬೀದಿಯವರು ನಗುತ್ತಿದ್ದರು. ನಾನೂ ಮೊದಮೊದಲು ಹಾಗೇ ಅಂದುಕೊಂಡಿದ್ದೆ. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ನೋಡುವರು. ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕು ಬಿಟ್ಟು ಒಂದು ಗೋಣಿತಾಟೂ ಇರಕೂಡದು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಮೊರದಲ್ಲಿ ಸಾಲಾಗಿ ಒಣಗಲು ಇಡುವರು. ಒಂದು ದಿನ ನಾನು ಅವುಗಳನ್ನು ಒಣಗಿಸಿಟ್ಟ ಸಂಡಿಗೆಯೆಂದೇ ತಿಳಿದು, ಕಾಗೆ ಓಡಿಸುತ್ತ ಕೂತಿದ್ದೆ. ಅದನ್ನು ಹೇಳಿಕೊಂಡು ಅವರು ಒಂದು ವಾರ ನಕ್ಕರು.

ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲು ಬಿಡುವ ಚೋಕ್ ಎಳೆದು ಗಾಡಿ ಸ್ಟಾರ್ಟ್ ಮಾಡಿದರೆ ಕಿವಿ ಪೂರ್ತಿ ಎಂಜಿನ್ನಿನ ಕಡೆ. ಸದ್ದು ಕೊಂಚ ಹದಕ್ಕೆ ಬಂದದ್ದೇ ತಡ, ಚೋಕ್ ಒಳಗೆ. ಇಷ್ಟು ಬೇಗ ಯಾಕೆ ಎಂದರೆ, ಸಾಸಿವೆ ಸಿಡಿದ ಮೇಲೂ ಉರಿ ದೊಡ್ಡದಿಟ್ಟುಕೊಂಡು ಕೂರುತ್ತೀಯಾ ಎಂದು ನನ್ನನ್ನೇ ಕೇಳುವರು. ರಸ್ತೆಯಲ್ಲಿ ಇನ್ನೂ ವಿಚಿತ್ರ. ದೂರದಲ್ಲಿ ಕೆಂಪು ದೀಪ ಕಂಡರೆ ಅಲ್ಲಿಂದಲೇ ಹೆಬ್ಬೆರಳು ಮೇಲೇಳುತ್ತಿತ್ತು. ಕಾರು ತನ್ನ ಪಾಡಿಗೆ ಉರುಳುತ್ತ ಹೋಗುವುದು. ಹಿಂದಿನ ಆಟೋದವನು ಹಾರ್ನ್ ಹೊಡೆದು ಹೊಡೆದು, ಬೈದುಕೊಂಡು, ಪಕ್ಕದಿಂದ ನುಗ್ಗಿ ಹೋಗಿ ಸಿಗ್ನಲ್ಲಿನಲ್ಲಿ ನಿಂತಿರುವನು. ನಾವು ನಿಧಾನಕ್ಕೆ ಅವನ ಪಕ್ಕಕ್ಕೆ ತಲುಪುವ ಹೊತ್ತಿಗೆ ಹಸಿರು ಬಿದ್ದಿರುತ್ತಿತ್ತು. ಆಂಟಿ ಅವನ ಕಡೆ ನೋಡುತ್ತಲೂ ಇರಲಿಲ್ಲ. ನನಗೆ ಮಾತ್ರ ಕೇಳುವಂತೆ ಒಂದು ಮಾತು ಹೇಳುವರು: "ಬ್ರೇಕ್ ಒತ್ತಿದೆ ಅಂದ್ರೆ, ಹಿಂದೆ ಎಲ್ಲೋ ಸುಮ್ನೆ ಪೆಟ್ರೋಲ್ ಸುಟ್ಟಿದೀಯ ಅಂತ ಅರ್ಥ ಕಣೇ."

ನಾನು ಆ ಕಾರಿನಲ್ಲಿ ಕೂರುವಂತಾದದ್ದೇ ಒಂದು ಕತೆ. ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿ, ಕೆಲಸವಿಲ್ಲದಿದ್ದರೆ ಜೊತೆಗೆ ಬಾ, ಏನೂ ಮಾಡುವುದು ಬೇಡ, ಸುಮ್ಮನೆ ಕೂತರೆ ಸಾಕು ಅಂದರು. ಕೆಳಗೆ ಹೋಗಿ ನೋಡಿದರೆ ಬಾನೆಟ್ ತೆರೆದಿತ್ತು. ಒಳಗೆ, ಎಂಜಿನ್ನಿನ ಕಾವು ತಾಗದ ಮೂಲೆಯಲ್ಲಿ, ಅಳತೆ ಮಾಡಿ ಒಂದು ಲೀಟರ್ ಪೆಟ್ರೋಲು ತುಂಬಿದ ಬಾಟಲಿಯನ್ನು ತಂತಿಯಿಂದ ಕಟ್ಟಿದ್ದರು. ಟ್ಯಾಂಕಿನಿಂದ ಬರುವ ಪೈಪನ್ನು ಬಿಚ್ಚಿ ಬಾಯಿ ಮುಚ್ಚಿ, ಬಾಟಲಿಯ ಪೈಪನ್ನು ಅಲ್ಲಿಗೆ ಸಿಕ್ಕಿಸಿದ್ದರು. ಮೈಲೇಜ್ ನೋಡಲು ಮೆಕ್ಯಾನಿಕ್‌ಗಳು ಮಾಡುವ ಉಪಾಯವಂತೆ ಅದು. ಬಾಟಲಿ ಬರಿದಾದಲ್ಲಿ ಗಾಡಿ ನಿಲ್ಲುತ್ತದೆ. ನಿಂತ ಜಾಗವೇ ಉತ್ತರ. ಆಮೇಲೆ ಟ್ಯಾಂಕಿನ ಪೈಪು ಸಿಕ್ಕಿಸಿಕೊಂಡು ಮನೆಗೆ ವಾಪಸು.

ನಾನು ಮುಂದಿನ ಸೀಟಿನಲ್ಲಿ ಕೂತೆ. ಆಂಟಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಒಳಗೆ ಹೋಗಿ, ತುಂಬಿದ ರಾಗಿ ಚೀಲವೊಂದನ್ನು ಎಳೆದು ತಂದು, ನನ್ನ ಕೈಯಲ್ಲೇ ಎತ್ತಿಸಿ ಹಿಂದಿನ ಸೀಟಿಗೆ ಹಾಕಿಸಿದರು. ಡಿಕ್ಕಿಯಲ್ಲಿ ಗೋಣಿತಾಟೂ ಸೇರಿಸದವರು ರಾಗಿ ಚೀಲ ಯಾಕೆ ಹೊರುತ್ತಾರೆ ಎಂದು ನನಗೆ ಅರ್ಥವಾಗಲಿಲ್ಲ. ನೀನು ಕಡ್ಡಿಯಂತಿದ್ದೀಯ, ನಮ್ಮೆಜಮಾನರು ದಪ್ಪ ಇದ್ದರು, ತೂಕ ಸರಿಹೋಗಬೇಕಲ್ಲ ಅಂದರು. ಹೀಗೆ ನಾನೂ ಒಂದು ಚೀಲ ರಾಗಿಯೂ ಸೇರಿ, ನಾನು ಕಂಡೇ ಇರದ ಒಬ್ಬರ ಜಾಗದಲ್ಲಿ ಕೂತೆವು.

ಅವತ್ತು ವಿಜಯನಗರ ದಾಟಿ, ನಾಗರಬಾವಿ ದಾಟಿ, ಜ್ಞಾನಭಾರತಿ ಕ್ಯಾಂಪಸ್ಸಿನ ಮರಗಳ ನಡುವೆ ಹಾದು ಮೈಸೂರು ರಸ್ತೆಗೆ ಬಂದದ್ದೇ ಕಾರು ಎರಡು ಸಲ ಕೆಮ್ಮಿ ನಿಂತಿತು. ಮೆಟ್ರೋ ಕಂಬದ ನೆರಳಿಗೆ ತಳ್ಳಿದೆವು. ಆಂಟಿ ಪೈಪು ಬದಲಿಸಲಿಲ್ಲ. ಬಾಗಿಲು ತೆರೆದಿಟ್ಟು, ಬರಿಗಾಲನ್ನು ಹೊರಗೆ ಚಾಚಿ ಕೂತು, ಕೆಂಗೇರಿಯ ದಿಕ್ಕನ್ನೇ ನೋಡುತ್ತಿದ್ದರು. ನಾನು ಕೇಳದೆಯೇ ಹೇಳಿದರು.

ಯಜಮಾನರು ಬಿನ್ನಿಪೇಟೆ ಕಡೆಯ ಮಿಲ್ಲೊಂದರಲ್ಲಿ ಸೂಪರ್‌ವೈಸರ್. ಮಿಲ್ಲು ಮುಚ್ಚಿದ ಮೇಲೆ ಅವರಿಗೆ ಹೇಳಿಕೊಳ್ಳಲು ಉಳಿದದ್ದು ಈ ಕಾರೊಂದೇ. ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಕೆಂಗೇರಿ ಹಳೇ ಪೇಟೆಯ ಒಂದು ಹೋಟೆಲಿಗೆ ಕಾಫಿ ಕುಡಿಯಲು ಹೋಗುವರು. ಬಂದವರಿಗೆಲ್ಲ, ಒಂದೇ ಲೀಟರಿಗೆ ನಾವಿಬ್ಬರೂ ಕೆಂಗೇರಿ ಮುಟ್ಟುತ್ತೇವೆ ಎಂದು ಹೇಳುವರು. ಮಗಳ ನಿಶ್ಚಿತಾರ್ಥದ ದಿನ ಬೀಗರ ಮುಂದೆಯೂ ಅದನ್ನೇ ಹೇಳಿದರು. ಕಾಫಿ ಲೋಟ ಹಂಚುತ್ತಿದ್ದ ಆಂಟಿ, ಬುರುಡೆ ಬಿಡಬೇಡಿ, ಜ್ಞಾನಭಾರತಿ ದಾಟಿದರೆ ದೊಡ್ಡದು ಎಂದುಬಿಟ್ಟರು. ಎಲ್ಲರೂ ನಕ್ಕರು. ಯಜಮಾನರೂ ನಕ್ಕರು. ಆದರೆ ಅವತ್ತಿನಿಂದ ಮೈಲೇಜಿನ ಸುದ್ದಿ ಅವರ ಬಾಯಲ್ಲಿ ಬರಲೇ ಇಲ್ಲ. ಕಾರು ಒರೆಸುವುದು ಕಡಿಮೆಯಾಯಿತು. ಭಾನುವಾರದ ಕಾಫಿಗೆ ಮನೆಯಲ್ಲೇ ಮಾಡು ಎನ್ನತೊಡಗಿದರು. ಆಮೇಲೆ ಒಂದು ಬೆಳಿಗ್ಗೆ ಎದ್ದೇಳಲಿಲ್ಲ.

"ಮಾತು ಆಡಿದ್ದು ನಾನು. ಅದನ್ನ ವಾಪಸ್ ತಗೋಳೋಕೆ ಅವ್ರಿಲ್ಲ. ಅದಕ್ಕೆ ಗಾಡಿ ಕಲ್ತೆ," ಅಂದರು ಆಂಟಿ.

ಹೀಗಾಗಿ ಹೆಂಗಸರು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಅವರು ಡ್ರೈವಿಂಗ್ ಸ್ಕೂಲಿಗೆ ಸೇರಿದ್ದರು. ಕಾರ್ಬುರೇಟರ್‌ನ ಪುಟ್ಟ ತಿರುಪನ್ನು ಎಷ್ಟು ತಿರುಗಿಸಿದರೆ ಎಂಜಿನ್ ಬಡಬಡಿಸದೆ, ಹೊಗೆಯೂ ಕಾರದೆ ನಿಂತೀತು ಎಂದು ಮೆಕ್ಯಾನಿಕ್‌ನ ತಲೆ ತಿಂದು ಕಲಿತಿದ್ದರು. ಒಬ್ಬರೇ ಹೋಗಿದ್ದರೆ ಹಗುರವಾಗಿ ಎಂದೋ ಮುಟ್ಟಿಬಿಡುತ್ತಿದ್ದರೇನೋ. ನಾನು ಒಮ್ಮೆ ಹಾಗೆ ಹೇಳಿಯೂ ಹೇಳಿದೆ. ಅವರಿಗೆ ಸಿಟ್ಟೇ ಬಂತು. "ಅವ್ರು ಹೇಳಿದ್ದು ನಾವಿಬ್ರೂ ಅಂತ. ಒಬ್ರೇ ಹೋದ್ರೆ ಅದು ಲೆಕ್ಕಕ್ಕಿಲ್ಲ."

ಅಲ್ಲಿಂದ ಮುಂದೆ ನಾವು ಆಗಾಗ ಹೊರಡುತ್ತಿದ್ದೆವು. ಪ್ರತಿ ಸಲವೂ ಏನಾದರೊಂದು ಅಡ್ಡ. ಒಮ್ಮೆ ಮದುವೆ ಮೆರವಣಿಗೆ, ಒಮ್ಮೆ ಅಗೆದ ರಸ್ತೆ, ಒಮ್ಮೆ ಎದುರುಗಾಳಿ. ಗಾಳಿ ಎದುರಿದ್ದರೆ ಆಂಟಿ ಕಿಟಕಿ ಏರಿಸು ಎನ್ನುವರು, ಬೇಸಗೆಯಲ್ಲಿ ಇಬ್ಬರೂ ಬೆವರಿ ತೊಪ್ಪೆಯಾಗುತ್ತಿದ್ದೆವು. ಸ್ವಲ್ಪ ಸ್ವಲ್ಪವೇ ಗಾಡಿ ಮುಂದಿನ ಕಂಬಕ್ಕೆ, ಅದರ ಮುಂದಿನ ಕಂಬಕ್ಕೆ ಹೋಗಿ ನಿಲ್ಲತೊಡಗಿತು. ನಿಂತಾಗಲೆಲ್ಲ ಅಲ್ಲೇ ಕೂತು, ಅವರು ತಂದ ಚಿತ್ರಾನ್ನ ತಿಂದು ಬರುವುದು. ನಿಜ ಹೇಳಬೇಕೆಂದರೆ ಗಾಡಿ ಬೇಗ ಮುಟ್ಟಿಬಿಡಲಿ ಎಂದು ನನಗೆ ಅನ್ನಿಸುತ್ತಲೇ ಇರಲಿಲ್ಲ. ಊರು ಬಿಟ್ಟು ಬಂದವಳಿಗೆ ಭಾನುವಾರಗಳು ಎಷ್ಟು ಉದ್ದ ಎಂಬುದು ಬಂದವರಿಗೇ ಗೊತ್ತು. ನನ್ನ ಭಾನುವಾರಗಳನ್ನು ಆಂಟಿ ತುಂಬಿಸಿದ್ದರು.

ಆಮೇಲೆ ಅವರ ಕಣ್ಣು ಹೋಗತೊಡಗಿತು. ಕಣ್ಣಿನ ನರ ಒಣಗುತ್ತಿದೆ, ಇನ್ನು ಸ್ಟೀರಿಂಗ್ ಹಿಡಿಯಬೇಡಿ ಎಂದು ಡಾಕ್ಟರು ಹೇಳಿದರು. ವಿಜಯನಗರದಲ್ಲಿದ್ದ ಮಗಳು ಬಂದು ಕಾರಿನ ಕೀ ತೆಗೆದುಕೊಂಡು ಹೋಗಲು ನೋಡಿದಳು. ಆಂಟಿ ಆ ಕೀಯನ್ನು ನನ್ನ ಕೈಗೆ ಕೊಟ್ಟು, ಇವಳು ಕಲಿಯುತ್ತಾಳೆ ಅಂದರು. ನನ್ನನ್ನು ಒಂದು ಮಾತು ಕೇಳಿರಲೂ ಇಲ್ಲ.

ಅವರು ಕಲಿಸಿದ್ದು ಪಕ್ಕದಲ್ಲಿ ಕೂತು, ಕಿವಿಯಿಂದ. ಗೇರ್ ಬದಲಿಸುವುದು ತಡವಾದರೆ ಎಂಜಿನ್ ಚೀರುತ್ತಿದೆ ಎನ್ನುವರು, ಬೇಗ ಬದಲಿಸಿದರೆ ನರಳುತ್ತಿದೆ ಎನ್ನುವರು. ಇಳಿಜಾರಲ್ಲಿ ನ್ಯೂಟ್ರಲ್ ಮಾಡಲು ಹೋದರೆ ಕೈ ಮೇಲೆ ಒಂದು ಏಟು. ಪೆಟ್ರೋಲ್ ಉಳಿಸಬೇಕು, ಪ್ರಾಣ ಕಳೆಯುವುದಲ್ಲ. ಮೊದಲ ದಿನ ಚಪ್ಪಲಿ ಹಾಕಿಕೊಂಡೇ ಕೂತಿದ್ದೆ. ಪೆಡಲ್ ಒತ್ತಿದ ಸದ್ದಿನಲ್ಲೇ ಕಂಡುಹಿಡಿದು ಬಿಚ್ಚಿಸಿದರು.

ನಾವಿಬ್ಬರೂ ಕೊನೆಯ ಸಲ ಹೊರಟ ಬೆಳಿಗ್ಗೆ ಎಲ್ಲವೂ ಕೂಡಿಬಂದಿತ್ತು. ರಸ್ತೆ ಖಾಲಿ, ಗಾಳಿ ಇಲ್ಲ, ಸಿಗ್ನಲ್ಲುಗಳೆಲ್ಲ ನಮಗೇ ಕಾದಂತೆ ಹಸಿರು. ರಾಗಿ ಚೀಲ ಹಿಂದೆ, ಆಂಟಿ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಹಿಂದೆ ನಿಂತಿದ್ದ ಕಂಬಗಳೆಲ್ಲ ದಾಟಿದವು. ಕೆಂಗೇರಿ ಉಪನಗರದ ಕಟ್ಟಡಗಳೂ ಹಿಂದಾದವು. ಎಡಕ್ಕೆ ಹಳೇ ಪೇಟೆಯ ತಿರುವು ನನಗೆ ಕಾಣಿಸುತ್ತಿತ್ತು. ಅಲ್ಲಿ ಕಾರು ಕೆಮ್ಮಿತು. ಬೆರಳೆತ್ತಿ ಉರುಳಲು ಬಿಟ್ಟೆ. ಉರುಳಿ ಉರುಳಿ, ತಿರುವಿಗೆ ಸ್ವಲ್ಪ ಮೊದಲು, ನಿಂತಿತು.

ಎಲ್ಲಿದ್ದೇವೆ ಎಂದು ಆಂಟಿ ಕೇಳಿದರು.

"ಬಂದ್ವಿ ಆಂಟಿ. ಹೋಟೆಲ್ ಮುಂದೇನೇ ಇದೀವಿ," ಅಂದೆ.

ಅವರ ಕಣ್ಣಂಚಿನಲ್ಲಿ ನೀರು ನಿಂತಿತ್ತು, ತುಟಿಯಲ್ಲಿ ನಗೆಯಿತ್ತು. ಕೈ ಚಾಚಿ ನನ್ನ ಕೆನ್ನೆ ಹುಡುಕಿ ತಟ್ಟಿದರು.

"ಹೋಟೆಲ್‌ಗೆ ಎಡಕ್ಕೆ ತಿರುಗ್ಬೇಕು ಕಣೇ. ನೀನು ತಿರುಗ್ಲೇ ಇಲ್ಲ." ಆಮೇಲೆ ಇನ್ನೂ ಮೆಲ್ಲಗೆ ಅಂದರು, "ಎಷ್ಟು ಚೆನ್ನಾಗಿ ಹೇಳ್ದೆ. ಅವತ್ತು ನಾನೂ ಅವ್ರಿಗೆ ಹೂಂ ಅಂದಿದ್ರೆ ಏನು ಹೋಗ್ತಿತ್ತು?"

ಟ್ಯಾಂಕಿನ ಪೈಪು ಸಿಕ್ಕಿಸಿ, ಎಡಕ್ಕೆ ತಿರುಗಿ, ಅವರ ಕೈ ಹಿಡಿದು ಹೋಟೆಲಿನ ಮೆಟ್ಟಿಲು ಹತ್ತಿಸಿದೆ. ಯಜಮಾನರು ತೀರಿಕೊಂಡ ಮೇಲೆ ಅವರು ಅಲ್ಲಿ ಕಾಫಿ ಕುಡಿದದ್ದು ಅದೇ ಮೊದಲು. ಸಕ್ಕರೆ ಜಾಸ್ತಿ ಎಂದು ಮಾಣಿಗೆ ಬೈದು, ಎರಡನೇ ಲೋಟ ತರಿಸಿಕೊಂಡರು. ಮುಂದಿನ ಸಲ ಖಂಡಿತ ಮುಟ್ಟುತ್ತೇವೆ, ಪ್ಲಗ್ಗು ಬದಲಿಸೋಣ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದರು. ಪ್ಲಗ್ಗುಗಳನ್ನು ತಂದೂ ಇಟ್ಟಿದ್ದೆ. ಶ್ರಾವಣದಲ್ಲಿ ಜ್ವರವೆಂದು ಮಲಗಿದರು. ಗೌರಿ ಹಬ್ಬದ ಹೊತ್ತಿಗೆ ಅವರಿರಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಮಗಳು, ಅಮ್ಮ ಕಾರನ್ನು ನಿಮಗೇ ಕೊಡು ಅಂದಿದ್ದರು ಎಂದು ಕೀ ಕೊಟ್ಟಳು. ಹಿಂದಿನ ಸೀಟಿನ ರಾಗಿ ಕೆಡುವುದು ಬೇಡವೆಂದು ಬೀಸಲು ಕಳಿಸಿದಳು. ಸೀಟಿನ ಕೆಳಗಿದ್ದ ಆಂಟಿಯ ಚಪ್ಪಲಿಯನ್ನು ಮಾತ್ರ ನಾನು ಕೊಡಲಿಲ್ಲ.

ಒಂದು ಭಾನುವಾರ, ಮನೆಯಲ್ಲಿ ಕೂರಲಾಗದೆ, ಹೊಸ ಪ್ಲಗ್ಗು ಹಾಕಿ ಬಾಟಲಿ ಕಟ್ಟಿದೆ. ಬರಿಗಾಲಲ್ಲಿ ಕೂತೆ. ಸದ್ದು ಹದಕ್ಕೆ ಬಂದ ತಕ್ಷಣ ಚೋಕ್ ತಳ್ಳಿದೆ. ವಿಜಯನಗರ, ನಾಗರಬಾವಿ, ಜ್ಞಾನಭಾರತಿ. ಕಂಬಗಳು ಒಂದೊಂದಾಗಿ ಹಿಂದಾದವು. ಚಿತ್ರಾನ್ನ ತಿಂದ ಜಾಗಗಳೆಲ್ಲ ಬಂದು ಹೋದವು. ಎಲ್ಲಾದರೂ ಒಂದು ಕಡೆ ನಿಲ್ಲು ಮಾರಾಯ್ತಿ ಎಂದು ಕಾರಿಗೆ ಹೇಳಿಯೂ ಹೇಳಿದೆ. ಅದು ಕೆಮ್ಮಲಿಲ್ಲ. ಎಡಕ್ಕೆ ತಿರುಗಿ, ಹೋಟೆಲಿನ ಮುಂದೆ ಬಂದರೂ ಎಂಜಿನ್ ನಡೆಯುತ್ತಲೇ ಇತ್ತು. ಕೊನೆಗೆ ನಾನೇ ಬ್ರೇಕ್ ಒತ್ತಿ ನಿಲ್ಲಿಸಬೇಕಾಯಿತು.

ಇಳಿದು ಬಾನೆಟ್ ಎತ್ತಿದೆ. ಬಾಟಲಿಯ ತಳದಲ್ಲಿ ಎರಡು ಬೆರಳಿನಷ್ಟು ಪೆಟ್ರೋಲು ಉಳಿದಿತ್ತು. ಪಕ್ಕದಲ್ಲಿ ಆಂಟಿ ಕೂತಿದ್ದರೆ ಅಷ್ಟೂ ಖರ್ಚಾಗಿ ಹೋಗಿರುತ್ತಿತ್ತು.