ಅಂಚಿದ್ದ ಹಾಯಿ

ಜೂರಾಲ ಅಣೆಕಟ್ಟಿನ ಹಿನ್ನೀರಲ್ಲಿ ನಾವು ಹಾಯಿದೋಣಿ ಬಿಡುತ್ತಿದ್ದೆವು ಅಂದರೆ ಗದ್ವಾಲದಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ಆಗ ತೆಲಂಗಾಣ ರಾಜ್ಯವಾದ ಹೊಸತು, ಎಲ್ಲರಿಗೂ ಏನಾದರೊಂದು ಶುರು ಮಾಡುವ ಹುರುಪು. ನಮ್ಮೂರಿನ ನಿವೃತ್ತ ಮಾಸ್ತರರೊಬ್ಬರು ಹೈದರಾಬಾದಿನಿಂದ ಹಳೆಯ ದೋಣಿಯೊಂದನ್ನು ಲಾರಿಯಲ್ಲಿ ಹೇರಿಕೊಂಡು ಬಂದರು. ಧರೂರಿನ ಕಡೆಯ ದಂಡೆಯಲ್ಲಿ ಒಂದು ತಗಡಿನ ಶೆಡ್ಡು, ಅದರ ಮೇಲೊಂದು ಬೋರ್ಡು, ಕ್ಲಬ್ಬು ಆಗಿಹೋಯಿತು. ಭಾನುವಾರ ಸೇರಿದರೆ ದೋಣಿ ಬಿಡುವುದಕ್ಕಿಂತ ಬುತ್ತಿ ಬಿಚ್ಚುವುದೇ ಹೆಚ್ಚು. ಯಾರು ಏನು ತಪ್ಪು ಮಾಡಿದರೂ ಬಯ್ಯಬಾರದು ಅನ್ನುವುದೊಂದೇ ನಮ್ಮ ಕಾನೂನು.

ನಮ್ಮ ಗುಂಪಿನಲ್ಲಿ ನಾರಾಯಣಪೇಟೆಯ ನೇಕಾರರೊಬ್ಬರಿದ್ದರು, ಸೀರೆ ನೇಯುವ ಮನೆತನ. ನನಗೆ ಅವರು ಕಾಕಾ. ಈಜು ಬರುತ್ತಿರಲಿಲ್ಲ, ನೀರಿನ ಹೆದರಿಕೆಯೂ ಇರಲಿಲ್ಲ. ಹಳೆಯ ಹಾಯಿ ಗಾಳಿಗೆ ಹರಿದಾಗ "ನಾ ನೇದು ಕೊಡತೀನ್ರಿ" ಅಂದವರು ಕೆಲವು ಭಾನುವಾರ ಪತ್ತೆಯೇ ಇಲ್ಲ. ಬಂದಾಗ ಹೆಗಲ ಮೇಲೆ ದಪ್ಪ ಹತ್ತಿಯ ಬಿಳಿ ಹಾಯಿ. ಅದರ ಹಿಂಬದಿಯ ತುದಿಯುದ್ದಕ್ಕೂ ಅಂಗೈಯಗಲ ಕೆಂಪಂಚು, ಸೀರೆಗೆ ಬಿಡುವಂಥದ್ದೇ.

"ದೋಣಿಗೆ ಸೀರಿ ಉಡಿಸಿಬಿಟ್ರಲ್ಲ ಕಾಕಾ!" ಅಂದೆ.

"ಉಡ್ಲಿ ಬಿಡು ತಮ್ಮಾ. ಅದಕ್ಕೂ ಒಂದು ಹಬ್ಬ ಬ್ಯಾಡೇನು?"

ಆಷಾಢದ ಗಾಳಿ. ನಾನು ಚುಕ್ಕಾಣಿಗೆ, ಕಾಕಾ ಹಾಯಿಯ ಹಗ್ಗಕ್ಕೆ. ಬಟ್ಟೆ ಗಾಳಿಗೆ ಹಿಗ್ಗಿತು, ಒತ್ತಾಗಿ ನೇಯ್ದ ಅಂಚು ಮಾತ್ರ ಹಿಗ್ಗಲಿಲ್ಲ. ಹಾಯಿ ಹೊಟ್ಟೆ ಬಿಟ್ಟು ಅಂಚಿನಲ್ಲಿ ಮುದುಡಿಕೊಂಡಿತು. ದೋಣಿ ಏಡಿಯ ಹಾಗೆ ಅಡ್ಡಡ್ಡ ಸರಿದು ಹೊರಟ ದಂಡೆಗೇ ಬಂದು ಬಡಿಯಿತು. ಕಾಕಾ ಮೈಯೆಲ್ಲ ತೊಯ್ಯಿಸಿಕೊಂಡು, ಹಗ್ಗ ಬಿಡದೆ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

ಅಂಚು ಕತ್ತರಿಸಿ ಆ ಜಾಗಕ್ಕೆ ಮಂಚದ ನವಾರದ ಪಟ್ಟಿ ಸಡಿಲಾಗಿ ಹೊಲಿದರೆ ಸರಿಹೋಗುತ್ತದೆ ಎಂದು ಮಾಸ್ತರರು ಮೆಲ್ಲಗೆ ಹೇಳಿದರು. ಕಾಕಾನ ನಗು ನಿಂತಿತು.

"ಅಂಚಿಲ್ಲದ ಬಟ್ಟಿ ಹೆಣಕ್ಕ ಹೊಚ್ಚತಾರ್ರೀ. ನಮ್ಮ ಮನ್ಯಾಗ ಅಂಥಾದ್ದು ನೇಯಂಗಿಲ್ಲ."

"ಹಂಗಾದ್ರ ಬ್ಯಾಡ ಬಿಡ್ರಿ, ಇದ್ದಂಗ ಇರ್ಲಿ" ಅಂದರು ಮಾಸ್ತರರು. ನಾವೆಲ್ಲ ಹೌದು ಹೌದು ಅಂದೆವು.

ಮುಂದಿನ ಭಾನುವಾರ ಕಾಕಾನೇ ಕತ್ತರಿ ತಂದಿದ್ದರು. ಯಾರೂ ಒತ್ತಾಯ ಮಾಡಿರಲಿಲ್ಲ, ನನ್ನನ್ನು ಕೊರೆಯುವುದೂ ಅದೇ. ಒಬ್ಬರಾದರೂ ಜಗಳ ತೆಗೆದಿದ್ದರೆ ಆ ಹಟಮಾರಿ ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ. ಅಷ್ಟು ಒಳ್ಳೆಯವರ ನಡುವೆ ತಮ್ಮಿಂದ ದೋಣಿ ನಿಂತಿತಲ್ಲ ಅನ್ನುವುದನ್ನು ಕಾಕಾನಿಂದ ತಾಳಲಾಗಲಿಲ್ಲ.

ಅವತ್ತು ದೋಣಿ ಓಡಿದ್ದೇ ಓಡಿದ್ದು! ಮಕ್ತಲ್ ಕಡೆಯ ದಂಡೆ ಮುಟ್ಟಿ ತಿರುಗಿ ಬಂದೆವು, ಕೂಗಾಡಿ ಗಂಟಲು ಕಟ್ಟಿಹೋಗಿತ್ತು. ಕಾಕಾ ದೋಣಿ ಹತ್ತಿರಲಿಲ್ಲ. ಕತ್ತರಿಸಿದ ಅಂಚನ್ನು ಕೈಗೆ ಸುತ್ತಿಕೊಂಡು ದಂಡೆಯಲ್ಲಿ ಕೂತಿದ್ದರು. "ಛಲೋ ಓಡ್ತು" ಅಂದರು. "ಬರ್ರಿ, ಇನ್ನೊಂದು ಸುತ್ತು" ಅಂತ ಕೈ ಹಿಡಿದು ಎಳೆದೆ. "ಮುಂದಿನ ವಾರ ನೋಡೂಣು" ಅಂದರು. ಆ ವಾರ ಬರಲಿಲ್ಲ, ಆಮೇಲೂ ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ನಾರಾಯಣಪೇಟೆಗೆ ಅವರ ಮನೆಗೇ ಹೋದೆ. ಚಹಾ ಕುಡಿಸಿದರು, ಮಾಸ್ತರರ ಮಂಡಿನೋವು ವಿಚಾರಿಸಿದರು. ನಾನು ತಡೆಯಲಾರದೆ, "ಇನ್ನೊಂದು ಹಾಯಿ ನೇದು ಕೊಡ್ರಿ ಕಾಕಾ. ಅಂಚು ಇರ್ಲಿ" ಅಂದೆ.

"ಅಂಚಿದ್ರ ದೋಣಿ ಓಡಂಗಿಲ್ಲಲ್ಲ ತಮ್ಮಾ" ಅಂದರು, ಬೇಸರವಿಲ್ಲದ ದನಿಯಲ್ಲಿ.

ಅದು ನಿಜವೇ. ನಮಸ್ಕಾರ ಹೇಳಿ ಬಸ್ಸು ಹತ್ತಿದೆ. "ಅಂಚಿದ್ದಾಗ ದೋಣಿ ಓಡದಿದ್ರೂ ನೀವು ಅದ್ರಾಗ ಕೂತಿದ್ರಲ್ಲ ಕಾಕಾ" ಅನ್ನಬೇಕಿತ್ತೆಂದು ಹೊಳೆದಾಗ ಬಸ್ಸು ಮಕ್ತಲ್ ದಾಟಿತ್ತು.