ಬಲಗೈ ಹರಳು

ಡೆನ್‌ಜಿಲ್ ಟ್ರೆಗೊವನ್ ಕಳೆದ ಮಂಗಳವಾರ ಸಂಜೆ ಬೆಲೆರೀವ್ ದೋಣಿಕಟ್ಟೆಯ ಬೆಂಚಿನ ಮೇಲೆ ತೀರಿಕೊಂಡ. ಹೃದಯ ನಿಂತಿತ್ತು. ನದಿಯಾಚೆಯ ಹೋಬಾರ್ಟಿಗೆ ಮರಳುವ ದೋಣಿ ಇನ್ನೂ ಬಂದಿರಲಿಲ್ಲ.

ಅವನು ವಿಶ್ವವಿದ್ಯಾಲಯದಲ್ಲಿ ತಾಮ್ರದ ಲವಣಗಳ ಹರಳು ಬೆಳೆಸುತ್ತಿದ್ದ. ಪಕ್ಕದ ಕೋಣೆಯಲ್ಲಿ ನಾನು ಅವುಗಳೊಳಗೆ ಬೆಳಕು ಹಾಯಿಸಿ ನೋಡುತ್ತಿದ್ದೆ. ಅವನ ಒಂದು ನೀಲಿ ಲವಣ ನಮ್ಮ ಎರಡು ಕೈಗಳ ಹಾಗೆ ಎರಡು ಬಗೆಯಾಗಿ ಹರಳುಗಟ್ಟಬಲ್ಲದು. ಒಂದು ಬಗೆಯದು ಬೆಳಕನ್ನು ಎಡಕ್ಕೆ ತಿರುಗಿಸುತ್ತದೆ, ಇನ್ನೊಂದು ಬಲಕ್ಕೆ. ಎಡದ ಹರಳಿನ ಪುಡಿ ಹಾಕಿ ಔಷಧ ತಯಾರಿಸಿದರೆ ಒಂದು ಕೈಯ ಔಷಧ, ಬಲದ್ದು ಹಾಕಿದರೆ ಅದರ ಕನ್ನಡಿ ರೂಪ. ಬಲದ ಹರಳು ಅವನಿಗೆ ಸಿಕ್ಕಿದ್ದು ಒಮ್ಮೆ ಮಾತ್ರ. ನಾನೇ ಅಳೆದೆ. ಅದನ್ನು ಪುಡಿಮಾಡಿ ಬಳಸಿ, ಪ್ರಕಟಿಸಿದ್ದೂ ಆಯಿತು. ಆಮೇಲೆ ಬೆಳೆದದ್ದೆಲ್ಲ ಎಡವೇ. ಅವನು ಕಳಿಸಿದ ಲವಣದಿಂದ ಬೇರೆಯವರು ಬೆಳೆಸಿದ್ದೂ ಎಡವೇ. ಸುಳ್ಳು ಬರೆದ ಎಂದರು. ನಾನು ಸಾಕ್ಷಿ ಹೇಳಿದರೆ, ಗೆಳೆಯನಲ್ಲವೇ ಎಂದು ನಕ್ಕರು.

ಕಾರಣ ನಮ್ಮ ಕಸುಬಿನವರೆಲ್ಲ ಬಲ್ಲದ್ದೇ. ಕಣ್ಣಿಗೆ ಕಾಣದ ಒಂದು ಹರಳಿನ ಕಣ ಬೀಜದ ಹಾಗೆ ದ್ರಾವಣಕ್ಕೆ ಬಿದ್ದರೆ ಸಾಕು, ಇಡೀ ಬಾಟಲಿ ಅದರ ಹಾದಿ ಹಿಡಿಯುತ್ತದೆ. ಅವನ ಕೋಣೆ, ಬಟ್ಟೆ, ಕೂದಲಲ್ಲೆಲ್ಲ ಎಡದ ಧೂಳು.

"ಲೋ, ಬೀಜ ಇರೋದು ನಿನ್ನ ಗಡ್ಡದಲ್ಲಿ ಕಣೋ" ಎಂದು ರೇಗಿಸಿದ್ದೆ. ಮರುದಿನ ಬೋಳಿಸಿಕೊಂಡು ಬಂದ. ಆ ಪುಟ್ಟ ಗಲ್ಲ ನೋಡಿ ಯಾರಿಗೂ ನಗು ಬರಲಿಲ್ಲ.

ವೈದ್ಯರು ಕೈಚೆಲ್ಲಿದ ಮೇಲೆ ಅವನಿಗೆ ಬೇಕಾದದ್ದು ತಾನು ಎಂದೂ ಕಾಲಿಡದ ಒಂದು ಜಾಗ, ಇನ್ನೊಮ್ಮೆ ಆ ಬಲದ ಹರಳು. ನಾನು ನಿವೃತ್ತನಾಗಿ ನದಿಯ ಈಚೆ ಹೊಸದಾಗಿ ಮನೆ ಮಾಡಿದ್ದೆ. ಅವನಿನ್ನೂ ಬಂದಿರಲಿಲ್ಲ. ಬೇರೆ ಕಡೆಯಿಂದ ಪದಾರ್ಥ ತರಿಸಿ, ಬಟ್ಟೆ ಒಗೆಯುವ ಕೋಣೆಯ ಕಿಟಕಿಯಲ್ಲಿ ಬಾಟಲಿಗಳ ಸಾಲು ಇಟ್ಟೆ. ಚಳಿಗಾಲವೆಲ್ಲ ಡೆನ್‌ಜಿಲ್ ದೋಣಿಯಲ್ಲಿ ಬಂದು, ಗೇಟಿನಾಚೆಯೇ ನಿಂತು ಮಾತಾಡಿ ಹೋದ. ನನ್ನ ಹೆಂಡತಿ ಹಿಲ್ಡಾಗೆ ಅದೊಂದು ಸಂಕಟ.

ಮಂಗಳವಾರ ಹರಳುಗಳು ಸಾಕಷ್ಟು ದೊಡ್ಡವಾಗಿದ್ದವು. ಬೆಳಕನ್ನು ಸೋಸುವ ಎರಡು ಗಾಜುಗಳ ನಡುವೆ ಒಂದೊಂದನ್ನೇ ಇಟ್ಟು ನೋಡಿದೆ. ಆಮೇಲೆ ಗೇಟಿಗೆ ಹೋದೆ.

"ಹೇಳು" ಎಂದ.

"ಎಡ ಕಣೋ."

"ಎಲ್ಲಾನೂ?"

"ಎಲ್ಲಾನೂ."

ಅವನು ನನ್ನ ಮುಖ ನೋಡಲಿಲ್ಲ, ಹೆಗಲು ನೋಡಿದ. "ಈ ಕೋಟು ಲ್ಯಾಬಿಗೆ ಹಾಕ್ಕೊಂಡು ಬರ್ತಿದ್ದೆ ಅಲ್ವಾ?"

ನಾನು ತೋಳು ನೋಡಿಕೊಂಡೆ. ಅವನ ಪಕ್ಕದಲ್ಲಿ ಕೂತು ಸವೆದ ಮೊಣಕೈ.

"ಥೂ ನಿನ್ನ! ಸುಮ್ಮನೆ ಹೋಯ್ತಲ್ಲೋ ನನ್ನ ಗಡ್ಡ." ನಗಲು ನೋಡಿದ, ಉಸಿರು ಸಾಲಲಿಲ್ಲ. "ಆ ಕೋಟನ್ನ ಸುಟ್ಟುಹಾಕು. ಮನೆಯೆಲ್ಲ ಒರೆಸಿ ಮತ್ತೆ ಬಾಟಲಿ ಇಡು."

ಹಿಲ್ಡಾ ಬಾಗಿಲಿಗೆ ಬಂದಳು. "ಹೇಗೂ ಎಲ್ಲಾ ಕೆಟ್ಟಾಯ್ತಲ್ಲಪ್ಪಾ, ಈಗಲಾದ್ರೂ ಒಳಗೆ ಬಾ. ಕುರಿ ಸೂಪು ಬಿಸಿಯಾಗಿದೆ."

"ಮುಂದಿನ ಸಲಕ್ಕೆ ನನ್ನ ಧೂಳು ಬೀಳದ ಮನೆ ಬೇಕಲ್ಲ ಹಿಲ್ಡಾ."

"ಇಲ್ಲಿಗೇ ತರ್ತೀನಿ ತಡಿ."

"ಬಟ್ಟಲು ವಾಪಸ್ ಒಳಗೆ ಹೋಗುತ್ತಲ್ಲಮ್ಮಾ."

ಗೇಟು ಗಾಳಿಗೆ ಅರೆ ತೆರೆದಿತ್ತು. ಮುಚ್ಚಲು ಕೈ ಚಾಚಿದ ಡೆನ್‌ಜಿಲ್, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ. ಊರುಗೋಲಿನ ತುದಿಯಿಂದ ಅದನ್ನು ನಮ್ಮ ಕಡೆಗೆ ತಳ್ಳಿ, ಚಿಲಕ ಬೀಳುವವರೆಗೆ ಒತ್ತಿ ಹಿಡಿದ.