ಚೌಕಾಸಿ ಮಾಡದ ಗಿರಾಕಿ

"ಅಪ್ಪಾ, ಈ ದುಡ್ಡು ನಿಮ್ಮದೇ ಅಲ್ವಾ?" ಹತ್ತು ವರ್ಷದ ಮಗಳು ನೋಟುಗಳನ್ನು ಮುಂದೆ ಹಿಡಿದಾಗ ಬೆಚ್ಚಿಬಿದ್ದೆ.

ಅಹಮದಾಬಾದಿನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಅಂಗಳದಲ್ಲಿ, ತಾನೇ ಬಣ್ಣ ಬಳಿದ ಹಣತೆಗಳನ್ನು ದೀಪಾವಳಿಗೆ ಮಾರಲು ಕೂತಿದ್ದಳು. ಒಂದೂ ಹೋಗಲಿಲ್ಲ. ಅವಳ ಬಾಡಿದ ಮುಖ ನೋಡಲಾಗದೆ, ಪಕ್ಕದ ಮನೆಯ ಜಾಗೃತಿಬೆನ್ ಕೈಗೆ ಗುಟ್ಟಾಗಿ ಹಣ ಕೊಟ್ಟು ಒಂದಷ್ಟು ಕೊಳ್ಳಲು ಕಳಿಸಿದ್ದೆ.

"ಯಾರು ಹೇಳಿದ್ರು ನಿಂಗೆ?"

"ಯಾರೂ ಇಲ್ಲ. ಕೊತ್ತಂಬರಿ ಪುಕ್ಕಟೆ ಕೊಡೋವರೆಗೂ ಆಂಟಿ ತರಕಾರಿಯವನನ್ನ ಬಿಡಲ್ಲ. ನನ್ನ ಹತ್ರ ಚೌಕಾಸೀನೇ ಮಾಡ್ಲಿಲ್ಲ! ನಮ್ಮನೆ ದುಡ್ಡು ನಮ್ಮನೆಗೇ ಬಂದ್ರೆ ವ್ಯಾಪಾರಾನಾ ಅಪ್ಪಾ?"

ನಮ್ಮ ವಂಶದಲ್ಲೇ ಮೊದಲು ಬಿ.ಕಾಂ. ಮುಗಿಸಿದವನು ನಾನು. ಲಾಭ-ನಷ್ಟ ಕಲಿಯಲೆಂದು ಅವಳನ್ನು ಕೂರಿಸಿದವನೂ, ನಷ್ಟ ಕಂಡು ಹೆದರಿದವನೂ ನಾನೇ. ಮರುದಿನ ಅವಳು ಉಳಿದ ಹಣತೆಗಳ ಬೆಲೆ ಇಳಿಸಿ ಮತ್ತೆ ಕೂತಾಗ ನಾನು ಇಣುಕಿ ನೋಡಲು ಬಾಲ್ಕನಿಗೂ ಹೋಗಲಿಲ್ಲ.